ಸಾಲು ಬಿಟ್ಟ ಮೇಲೆ ಹೊಸಬರು ಜಿಗಿದರು

ಮೊದಲೆಲ್ಲ ನಮ್ಮ ಪಾರ್ಕೂರ್ (ಓಡಿ, ಜಿಗಿದು, ಗೋಡೆಯಂಥ ಅಡೆತಡೆ ದಾಟುವ ಕಲೆ) ಗುಂಪಿಗೆ ಹೊಸಬರು ಬಂದರೆ ಸಾಲಿನಲ್ಲಿ ನಿಲ್ಲಿಸುತ್ತಿದ್ದೆ. ಒಬ್ಬೊಬ್ಬರೇ ಓಡಿ ಗೋಡೆ ದಾಟಬೇಕು, ಉಳಿದವರು ನೋಡುತ್ತಿರಬೇಕು. ಒಂದು ದಿನ ಒಬ್ಬ ಹುಡುಗಿ ತನ್ನ ಸರದಿ ಬಂದಾಗಲೆಲ್ಲ ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು. ಲೇಸ್ ಬಿಚ್ಚಿರಲೇ ಇಲ್ಲ. ಗೋಡೆಯೋ ಅವಳ ಸೊಂಟದಷ್ಟೂ ಇರಲಿಲ್ಲ. ನಾವ್ಯಾರೂ ಅಲ್ಲಿ ಇಲ್ಲದಿದ್ದರೆ ಆರಾಮಾಗಿ ದಾಟುತ್ತಿದ್ದಳು, ಅಲ್ವಾ?

ಅವತ್ತೇ ಸಾಲು ಬಿಟ್ಟೆ.

ಈಗ ಎಲ್ಲರೂ ನೆಲದಿಂದಲೇ ಶುರು ಮಾಡುತ್ತೇವೆ. ಕೈಕಾಲು ಊರಿ, ಮಂಡಿ ನೆಲಕ್ಕೆ ತಾಗದಂತೆ, ಬಲಗೈ ಜೊತೆ ಎಡಗಾಲು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಳಬರೂ ಏದುಸಿರು ಬಿಡುತ್ತಾರೆ. ಹೊಸಬರಿಗೆ ಅದು ಕೇಳಿಸಬೇಕು. ತಲೆ ತಗ್ಗಿರುವುದರಿಂದ ಇನ್ನೊಬ್ಬರನ್ನು ನೋಡಲು ಯಾರಿಗೂ ಪುರುಸೊತ್ತಿಲ್ಲ.

ಆಮೇಲೆ ಜಾಗದ ತುಂಬ ಸೀಮೆಸುಣ್ಣದ ಗೆರೆ ಎಳೆಯುತ್ತೇನೆ. ಕೆಲವು ಹತ್ತಿರ, ಕೆಲವು ದೂರ. ಗೆರೆಯಿಂದ ಗೆರೆಗೆ ಪ್ರಿಸಿಶನ್ ಜಂಪ್, ಅಂದರೆ ಗುರಿಯಿಟ್ಟ ಕಡೆಯೇ ಇಳಿಯುವ ಜಿಗಿತ. ಮುಂಗಾಲಿನ ಮೇಲೆ ಇಳಿಯಬೇಕು, ಮಂಡಿ ಮಡಚಬೇಕು, ಸದ್ದಾಗಬಾರದು. ಎಷ್ಟು ದೂರ ಹಾರಿದರು ಅಂತ ನಾನು ನೋಡುವುದಿಲ್ಲ, ಸದ್ದಿಗೆ ಕಿವಿ ಕೊಡುತ್ತೇನೆ.

ಗೋಡೆಯ ಹತ್ತಿರ ಮೊದಲು ಕಲಿಸುವುದು ನಿಲ್ಲುವುದನ್ನು. ಓಡಿ ಬನ್ನಿ, ಎರಡೂ ಕೈ ಊರಿ, ಅಲ್ಲೇ ನಿಂತುಬಿಡಿ. ನಾಲ್ಕೈದು ಸಲ ಹೀಗೆ. ಬೇಡ ಅನ್ನಿಸಿದರೆ ನಿಲ್ಲಬಹುದು ಅಂತ ಮೈಗೇ ಗೊತ್ತಾಗಬೇಕು. ನಮ್ಮಲ್ಲಿ ಆದ ತರಚುಗಾಯಗಳು ಜಾಸ್ತಿ ಅರೆಮನಸ್ಸಿನ ಜಿಗಿತದಲ್ಲೇ ಆದವು. ಅದಾದ ಮೇಲೆ ಸೇಫ್ಟಿ ವಾಲ್ಟ್: ಒಂದು ಕೈ, ಎದುರು ಬದಿಯ ಪಾದ ಗೋಡೆ ಮೇಲೆ, ಇನ್ನೊಂದು ಕಾಲು ನಡುವೆ ತೂರಿ ಆಚೆಗೆ.

"ಬಾ, ಆಗುತ್ತೆ!" ಅಂತ ಕೂಗುವುದನ್ನೂ ಬಿಡಿಸಿದೆ. ಪ್ರೀತಿಯಿಂದಲೇ ಕೂಗುತ್ತಿದ್ದರು, ನಿಜ. ಆದರೆ ಅಷ್ಟು ಜನ ಕೂಗಿದ ಮೇಲೆ ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ?

1990ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಈ ಕಲೆಯನ್ನು ಬೆಳೆಸಿದ ಯಮಕಾಸಿ ಗುಂಪಿನವರು ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಮುಗಿಸಬೇಕು ಅನ್ನುತ್ತಾರೆ. ನಾವು ಇದನ್ನು ಅಕ್ಷರಶಃ ಪಾಲಿಸುತ್ತೇವೆ. ಕೊನೆಯ ಸುತ್ತಿನಲ್ಲಿ ಯಾರಾದರೂ ಹಿಂದೆ ಬಿದ್ದರೆ, ಮುಗಿಸಿದವರು ಸುಮ್ನೆ ನಿಂತು ಚಪ್ಪಾಳೆ ತಟ್ಟುವುದಿಲ್ಲ. ವಾಪಸ್ ಹೋಗಿ, ಅವರ ಪಕ್ಕದಲ್ಲಿ ಮತ್ತೆ ಕೈಕಾಲು ಊರುತ್ತಾರೆ.

ಆ ಹುಡುಗಿ ಮೂರನೇ ವಾರ ಗೋಡೆ ದಾಟಿದಳು. ನಾನು ಆಚೆ ಕಡೆ ತಿರುಗಿದ್ದೆ. ಶೂ ನೆಲಕ್ಕೆ ತಾಗಿದ ಸಣ್ಣ ಸದ್ದು ಕೇಳಿಸಿತು. ತಿರುಗುವಷ್ಟರಲ್ಲಿ ಅವಳು ಇನ್ನೊಂದು ಸಲಕ್ಕೆ ವಾಪಸ್ ಓಡುತ್ತಿದ್ದಳು.