600 ಬಿಟ್ಟು ಮಸಾಯಿ ಮಾರಾಕ್ಕೆ ಹೋದೆ

"600 ಇಲ್ದೆ ಮಾರಾಕ್ಕಾ? ಸುಮ್ನೆ ದುಡ್ಡು ದಂಡ" ಅಂದಿದ್ದರು ಫೋಟೋ ಹೊಡೆಯಲು ಜೊತೆಗೆ ಬರುವ ನಮ್ಮ ಕಬಿನಿ ಗ್ಯಾಂಗಿನವರು. 600 ಅಂದರೆ ದೂರದ ಪ್ರಾಣಿಯನ್ನು ಹತ್ತಿರ ತೋರಿಸುವ 600 ಎಂಎಂ ಲೆನ್ಸ್ (ಅಂಕಿ ದೊಡ್ಡದಾದಷ್ಟು ಹತ್ತಿರ), ಮಾರಾ ಅಂದರೆ ಕೀನ್ಯಾದ ವನ್ಯಧಾಮ. 2023ರ ಆಗಸ್ಟ್‌ನಲ್ಲಿ ನಾನು ಕಟ್ಟಿಕೊಂಡಿದ್ದು ಮೂರೇ ಕ್ಯಾನನ್ ಲೆನ್ಸ್. ಆರ್‌ಎಫ್ 100-500, 24-105 ಎಂಬ ಎರಡು ಜೂಮ್, ಮತ್ತೆ ಅಂಗೈಯಲ್ಲಿ ಮುಚ್ಚಿಹೋಗುವ 50 ಎಫ್1.8. ಮೂರೂ ಸೇರಿ ಎರಡೂಕಾಲು ಕೆಜಿ ಆಸುಪಾಸು. (ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟು ಲೆನ್ಸ್ ಒಳಗೆ ಬೆಳಕು ಜಾಸ್ತಿ.)

ಈ ಬುದ್ಧಿ ಪುಕ್ಕಟೆ ಬಂದಿದ್ದಲ್ಲ. 2019ರಲ್ಲಿ ಇದೇ ಮಾರಾಕ್ಕೆ ಬೆಂಗಳೂರಿನಲ್ಲಿ 600 ಎಫ್4 ಬಾಡಿಗೆಗೆ ತಗೊಂಡು ಹೋಗಿದ್ದೆ. ದಿನಕ್ಕೆ ನಾಲ್ಕು ಸಾವಿರದ ಹತ್ತಿರ, ಹತ್ತು ದಿನ. ಡೆಪಾಸಿಟ್ ಬೇರೆ. ಅದೊಂದೇ ನಾಲ್ಕು ಕೆಜಿ ತೂಗುತ್ತದೆ. ಮೇಲೆ 70-200, 24-70, 16-35, ಸಾಲದ್ದಕ್ಕೆ ಹುಳಹುಪ್ಪಟೆ ತೆಗೆಯುವ ಒಂದು ಮ್ಯಾಕ್ರೋ. ಮ್ಯಾಕ್ರೋ ಯಾಕೆ ಅಂತ ಕೇಳಬೇಡಿ. ನೈರೋಬಿಯ ವಿಲ್ಸನ್ ಏರ್‌ಪೋರ್ಟ್‌ನಿಂದ ಮಾರಾಕ್ಕೆ ಹಾರುವ ಪುಟ್ಟ ವಿಮಾನದಲ್ಲಿ ತಲೆಗೆ 15 ಕೆಜಿ, ಕೈಚೀಲವೂ ಸೇರಿ. ಬಟ್ಟೆಯನ್ನೆಲ್ಲ ನೈರೋಬಿ ಹೋಟೆಲಿನಲ್ಲೇ ಬಿಟ್ಟೆ. ಎರಡು ಟೀ ಶರ್ಟಿನಲ್ಲಿ ಐದು ದಿನ ಕಳೆಯಿತು.

ಮೂರನೇ ದಿನ ಒಂದು ಸಿಂಹಿಣಿ ಬಂದು ನಮ್ಮ ಗಾಡಿಯ ನೆರಳಲ್ಲೇ ಮಲಗಿತು. 600ರಲ್ಲಿ ಫೋಕಸ್ಸೇ ಆಗಲಿಲ್ಲ, ಅಷ್ಟು ಹತ್ತಿರ. ಗಡಿಬಿಡಿಯಲ್ಲಿ ಲೆನ್ಸ್ ಬದಲಿಸಿದೆ, ಸೆನ್ಸರ್ ಮೇಲೆ ಧೂಳು ಕೂತಿತು. ಅಲ್ಲಿಂದಾಚೆ ಆಕಾಶ ಇರುವ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಅದೇ ಮೂರು ಚುಕ್ಕೆ.

ಊರಿಗೆ ಬಂದು ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಲೆಕ್ಕ ಹಾಕಿದೆ. ಯಾವ ಫೋಕಲ್ ಲೆಂತ್, ಅಂದರೆ ಲೆನ್ಸಿನ ಎಷ್ಟು ಎಂಎಂನಲ್ಲಿ ಎಷ್ಟು ಫೋಟೋ ಅಂತ ಎಣಿಸುವುದು ಎಲ್ಲರಿಗೂ ಗೊತ್ತು. ಆದರೆ ಹೊಡೆದಿದ್ದನ್ನೆಲ್ಲ ಎಣಿಸಿದರೆ ಮೋಸ ಹೋಗುತ್ತೀರಿ. ನಾನು ಎಣಿಸಿದ್ದು ಕೊನೆಗೆ ಉಳಿಸಿಕೊಂಡ ನಾನೂರು ಚಿಲ್ಲರೆ ಫೋಟೋ ಮಾತ್ರ, ಅದೂ ಕ್ರಾಪ್ ಸೇರಿಸಿ. 200ರಲ್ಲಿ ಹೊಡೆದು ಅಗಲ ಅರ್ಧ ಕತ್ತರಿಸಿದ್ದರೆ ನನಗೆ ಬೇಕಿದ್ದಿದ್ದು 400, ಅಲ್ವಾ? ಹಾಗೆ ಬರೆದುಕೊಂಡು ಹೋದರೆ ಮುಕ್ಕಾಲು ಪಾಲು 150ರಿಂದ 450ರ ನಡುವೆ ಬಂತು. 600 ನಿಜವಾಗಿ ದುಡಿದಿದ್ದು ಅರವತ್ತು ಫೋಟೋಗೆ. ಬಾಡಿಗೆ ಭಾಗಿಸಿ ನೋಡಿ, ಒಂದೊಂದಕ್ಕೆ ಆರುನೂರಕ್ಕೂ ಜಾಸ್ತಿ! ಅದರಲ್ಲಿ ಇಪ್ಪತ್ತಾದರೂ ಒಂದೇ ರಣಹದ್ದಿನದು.

2023ರಲ್ಲಿ ಹೊರಡುವ ಮುಂಚೆ ಗೆಳೆಯನಿಂದ, 100-500ರ ಹಿಂದೆ ಸಿಕ್ಕಿಸಿ ಅದರ ಎಂಎಂ ಹಿಗ್ಗಿಸುವ 1.4 ಎಕ್ಸ್‌ಟೆಂಡರ್ ತಂದು ಕಬಿನಿಯಲ್ಲಿ ಪ್ರಯೋಗ ಮಾಡಿದೆ. ಅದನ್ನು ಹಾಕಿದರೆ ಈ ಲೆನ್ಸ್ 300ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬ್ಯಾಗಿಗೆ ಹಾಕಬೇಕಾದರೆ ಪ್ರತಿ ಸಲ ಬಿಚ್ಚಬೇಕು. ಬೆಳಕು ಎಫ್10ಕ್ಕೆ ಇಳಿಯುತ್ತದೆ, ಸಂಜೆ ಹುಲಿ ಬಂದರೆ ಮುಗೀತು. ವಾಪಸ್ ಕೊಟ್ಟೆ.

ಗಾಡಿಯಲ್ಲಿ ಲೆನ್ಸ್ ಊರಿಡುವ ಬೀನ್ ಬ್ಯಾಗ್ ಮಾತ್ರ ನನ್ನದೇ ಡಿಸೈನ್. ಹಳೇ ಜೀನ್ಸ್‌ನ ಕಾಲು ಕತ್ತರಿಸಿ ಟೈಲರ್ ಹತ್ತಿರ ಜಿಪ್ ಹಾಕಿಸಿದೆ, ಎಂಬತ್ತು ರೂಪಾಯಿ. ಖಾಲಿ ಒಯ್ದು ಅಲ್ಲೇ ಅವರೆಯಂಥ ಕಾಳು ತುಂಬಿಸಿದೆ. ಕೊನೇ ದಿನ ಕಾಳನ್ನು ಕ್ಯಾಂಪಿನ ಅಡುಗೆಮನೆಗೆ ಕೊಟ್ಟು ಬಂದೆ.

ಎರಡು ಬಾಡಿ, ಅಂದರೆ ಕ್ಯಾಮೆರಾ, ಎರಡು ಜೂಮ್. ಹಗಲು ಗಾಡಿಯಲ್ಲಿ ಒಮ್ಮೆಯೂ ಲೆನ್ಸ್ ಬಿಚ್ಚಲಿಲ್ಲ, ಚುಕ್ಕೆಯೂ ಇಲ್ಲ. ಬೆಳಗ್ಗೆ ಆರೂವರೆಗೆ ಎಫ್7.1 ಅಂದರೆ ಬೆಳಕಿನ ಕೊರತೆಗೆ ಕ್ಯಾಮೆರಾದ ಐಎಸ್ಒ ಏರಿಸಲೇಬೇಕು, 6400, ಕೆಲವೊಮ್ಮೆ 10000. ಅದರಿಂದ ಫೋಟೋದಲ್ಲಿ ಬರುವ ಕಾಳುಕಾಳು ನಾಯ್ಸ್ ತೆಗೆಯುವ ನನ್ನ ಸೆಟ್ಟಿಂಗ್ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬೆಳಗ್ಗೆ ಹತ್ತರ ಮೇಲೆ ನೆಲದಿಂದ ಬಿಸಿಗಾಳಿ ಕುಣಿಯುತ್ತಿತ್ತು, ದೂರದ ಫೋಟೋ ಮಸುಕಾಗುತ್ತಿತ್ತು. ಪಕ್ಕದ ಗಾಡಿಯಲ್ಲಿ 600 ಹಿಡಿದವರು ಮುಖ ಸಪ್ಪಗೆ ಮಾಡಿ ಕೂತಿದ್ದರು. ಮಾರಾ ನದಿಗೆ ವೈಲ್ಡ್‌ಬೀಸ್ಟ್ ಹಿಂಡು ಧುಮುಕಿದಾಗ ನನಗೆ ಸಿಕ್ಕ ಒಳ್ಳೇ ಫ್ರೇಮ್ 135ರಲ್ಲಿ. ದಡ, ಧೂಳು, ನೀರಲ್ಲಿ ತೇಲುವ ಕೊಂಬುಗಳು, ಎಲ್ಲ ಒಂದರಲ್ಲೇ. "ಟೈಟ್ ಇಲ್ವಲ್ಲೋ, ಪ್ರಾಣಿ ಫ್ರೇಮ್ ತುಂಬಿಲ್ಲ" ಅಂದ ಕಬಿನಿ ಗ್ಯಾಂಗಿನವನೇ ಅದರ ಪ್ರಿಂಟ್ ಕೇಳಿ ತಗೊಂಡ.

ಕೈಕೊಟ್ಟಿದ್ದು ರಾತ್ರಿ ಆಕಾಶ. ಅಗಲಕ್ಕೆ ಹಿಡಿಯುವ 16-35 ಮನೆಯಲ್ಲಿತ್ತು. 50ರಲ್ಲೇ ಹನ್ನೆರಡು ಫ್ರೇಮ್ ಹೊಡೆದು ಜೋಡಿಸಿದೆ. ಎಡಗಡೆ ಅಕೇಶಿಯ ಮರದ ಹತ್ತಿರ ಹೊಲಿಗೆ ಎದ್ದು ಕಾಣುತ್ತದೆ.