ಊದುಬತ್ತಿಯ ಹೊಗೆ ಹೋದ ದಾರಿ

ಸಿಂಗಪುರದ ಎಚ್‌ಡಿಬಿ, ಅಂದರೆ ಸರ್ಕಾರಿ ವಸತಿ ಮಂಡಳಿಯ, ಫ್ಲಾಟಿಗೆ ಬಾಡಿಗೆಗೆ ಬಂದ ಮೊದಲ ವರ್ಷ ನಾನು ನೆಟ್ಟಗೆ ನಿದ್ದೆ ಮಾಡಿದ್ದೇ ನೆನಪಿಲ್ಲ. ಚೀನೀ ಹೊಸ ವರ್ಷಕ್ಕೆ ಪಕ್ಕದ ಮನೆಯ ಆಂಟಿ ಎರಡು ಕಿತ್ತಳೆ ಹಣ್ಣು ಕೊಡಲು ಬಂದರು. ಬಾಗಿಲಲ್ಲೇ ನಿಂತು ಒಳಗೆ ನೋಡಿದರು. "ಇಲ್ಲಿ ಚಿ ನಿಲ್ಲೋದೇ ಇಲ್ಲ. ಬಂದಿದ್ದು ಹಾಗೇ ಕಿಟಕಿಯಿಂದ ಹೊರಟುಹೋಗುತ್ತೆ" ಅಂದರು.

ನಾವು ಪ್ರಾಣ ಅನ್ನುತ್ತೇವಲ್ಲ, ಚಿ ಅಂದರೆ ಹೆಚ್ಚುಕಡಿಮೆ ಅದೇ. ಮನೆಯಲ್ಲಿ ಚಿ ಹೇಗೆ ಹರಿಯುತ್ತದೆ ಎಂದು ನೋಡುವ ಚೀನೀಯರ ವಾಸ್ತುವಿಗೆ ಫೆಂಗ್ ಶೂಯಿ ಎಂದು ಹೆಸರು. ಫೆಂಗ್ ಅಂದರೆ ಗಾಳಿ, ಶೂಯಿ ಅಂದರೆ ನೀರು. ಚಿ ಗಾಳಿಗೆ ಸಿಕ್ಕರೆ ಚೆದುರುತ್ತದೆ, ನೀರು ಎದುರಾದರೆ ನಿಲ್ಲುತ್ತದೆ. ಸುಮಾರು 1700 ವರ್ಷ ಹಿಂದೆ ಇದ್ದ ಗುವೊ ಪು ಎಂಬ ಪಂಡಿತರ ಹೆಸರಿನಲ್ಲಿ ಈ ಮಾತು ಉಳಿದಿದೆ. ಅದಕ್ಕೇ ಮುಂಬಾಗಿಲ ನೇರಕ್ಕೆ ಕಿಟಕಿಯೋ ಹಿಂಬಾಗಿಲೋ ಇರಬಾರದು ಅನ್ನುತ್ತಾರೆ.

ನನಗೆ ಇದು ಒಗ್ಗಲಿಲ್ಲ. ನಮ್ಮೂರ ಮನೆಯ ಮುಂಬಾಗಿಲಲ್ಲಿ ನಿಂತರೆ ಹಿತ್ತಿಲ ತೆಂಗಿನಮರ ಕಾಣುತ್ತದೆ, ಅದೇ ಚಂದ. ಆದರೆ ಅಲ್ಲಿ ನಡುವೆ ಪಡಸಾಲೆ, ನಡುಮನೆ, ನಾಲ್ಕು ಹೊಸಿಲು. ಇಲ್ಲಿ ಬಾಗಿಲಿಂದ ಕಿಟಕಿಗೆ ಬರೀ ಎಂಟು ಹೆಜ್ಜೆ.

ಆ ರಾತ್ರಿ ಬಾಗಿಲು, ಕಿಟಕಿ ಎರಡೂ ತೆರೆದು, ಹೊಸಿಲ ಹತ್ತಿರ ಊದುಬತ್ತಿ ಹಚ್ಚಿಟ್ಟೆ. ಹೊಗೆ ಮೇಲೇಳಲೇ ಇಲ್ಲ. ನೆಲದಿಂದ ಒಂದು ಗೇಣು ಎತ್ತರದಲ್ಲಿ, ದಾರ ಎಳೆದ ಹಾಗೆ, ನೇರ ಕಿಟಕಿಗೆ ಹೋಯಿತು. ಸೋಫಾ ಕಡೆ ಒಂದೆಳೆಯೂ ತಿರುಗಲಿಲ್ಲ. ಆಂಟಿಯ ಮಾತನ್ನು ಸುಮ್ನೆ ತಳ್ಳಿಹಾಕಲು ಮನಸ್ಸಾಗಲಿಲ್ಲ.

ಬಾಡಿಗೆ ಮನೆ, ಗೋಡೆ ಕಟ್ಟುವ ಹಾಗಿಲ್ಲ. ಎದೆಮಟ್ಟದ ಪುಸ್ತಕದ ಕಪಾಟನ್ನು ಬಾಗಿಲಿಂದ ಒಂದು ಮಾರು ಒಳಗೆ ಅಡ್ಡ ಇಟ್ಟೆ. ಮೇಲೆ ಎರಡು ಮನಿ ಪ್ಲಾಂಟ್ ಕುಂಡ. ಮತ್ತೆ ಊದುಬತ್ತಿ. ಈ ಸಲ ಹೊಗೆ ಕಪಾಟಿನವರೆಗೆ ಬಂದು, ಮೆಲ್ಲಗೆ ಸುತ್ತು ಹಾಕಿ, ಊಟದ ಮೇಜಿನ ಮೇಲೆ ಹರಡಿತು. ಮಲಗಿದ್ದ ಮಗಳನ್ನು ಎಬ್ಬಿಸಿ ತೋರಿಸಿದೆ.

ಬಾಗಿಲ ಹಿಂದಿನ ಚಪ್ಪಲಿ ರಾಶಿಯನ್ನೂ ತೆಗೆದೆ. ಬಾಗಿಲು ಪೂರ್ತಿ ತೆರೆದದ್ದು ಅವತ್ತೇ ಮೊದಲು.

ಮಲಗುವ ಕೋಣೆಯಲ್ಲಿ ನಮ್ಮ ಕಾಲು ನೇರ ಬಾಗಿಲಿಗೆ ಚಾಚಿರುತ್ತಿತ್ತು. ಚೀನೀಯರು ಇದನ್ನು ಹೆಣ ಮಲಗಿಸುವ ರೀತಿ ಅನ್ನುತ್ತಾರೆ. ತಲೆಗೆ ಗಟ್ಟಿ ಗೋಡೆ ಇರಬೇಕು, ಮಲಗಿದಲ್ಲಿಂದ ಬಾಗಿಲು ಓರೆಯಾಗಿ ಕಾಣಬೇಕು, ಹಾಸಿಗೆಯ ಎದುರು ಕನ್ನಡಿ ಇರಬಾರದು. ಮಂಚ ತಿರುಗಿಸಿದೆವು. ಬೀರುವಿನ ಕನ್ನಡಿಗೆ ರಾತ್ರಿ ಹತ್ತಿಯ ಸೀರೆ ಇಳಿಬಿಟ್ಟೆ. ನಾಲ್ಕನೇ ರಾತ್ರಿ, ಎಷ್ಟೋ ತಿಂಗಳ ಮೇಲೆ, ಬೆಳಗಿನವರೆಗೂ ಎಚ್ಚರವಾಗಲಿಲ್ಲ. ಕತ್ತಲಲ್ಲಿ ಕಣ್ಣು ಬಿಟ್ಟರೂ ಬಾಗಿಲು ಕಾಣುತ್ತದೆ ಅನ್ನುವುದೇ ಎಷ್ಟು ಸಮಾಧಾನ ಅಲ್ವಾ!

ಫೆಂಗ್ ಶೂಯಿ ಹೆಸರಲ್ಲಿ ಅದೃಷ್ಟಕ್ಕೆಂದು ಮಾರುವ ಮೂರು ಕಾಲಿನ ಕಪ್ಪೆ, ನಗುವ ಬುದ್ಧನ ಬೊಂಬೆ ಯಾವುದನ್ನೂ ನಾನು ತರಲಿಲ್ಲ. ಆಂಟಿಯ ಮನೆಯಲ್ಲೂ ಅವಿಲ್ಲ.

ಅಡುಗೆಮನೆಯಲ್ಲಿ ಒಲೆ, ಸಿಂಕು ಒಂದಕ್ಕೊಂದು ಅಂಟಿಕೊಂಡಿವೆ. ಬೆಂಕಿಗೂ ನೀರಿಗೂ ಆಗಿಬರುವುದಿಲ್ಲ. ನೀರು ಮರವನ್ನು ಬೆಳೆಸುತ್ತದೆ, ಮರ ಬೆಂಕಿಯನ್ನು ಸಾಕುತ್ತದೆ ಅನ್ನುವುದು ಅವರ ಪಂಚಭೂತಗಳ ಲೆಕ್ಕ. ಹಾಗಾಗಿ ನಡುವೆ ತರಕಾರಿ ಹೆಚ್ಚುವ ಮರದ ಹಲಗೆಯನ್ನು ನಿಲ್ಲಿಸಿದ್ದೇನೆ. ಪಾತ್ರೆ ತೊಳೆಯುವಾಗ ನೀರು ಬಾಣಲೆಯ ಎಣ್ಣೆಗೆ ಸಿಡಿಯುವುದಂತೂ ನಿಂತಿದೆ.