ನಾಜೂಕು ಜಾಗದ ಕೂದಲು, ಉರಿ ಬೀಳದ ಹಾಗೆ

ಮಾರ್ಚ್ ಬಂತೆಂದರೆ ನಮ್ಮ ಕಲಬುರಗಿಯಲ್ಲಿ ಬಿಸಿಲು ಏರತೊಡಗುತ್ತದೆ. ಏಪ್ರಿಲ್, ಮೇ ಹೊತ್ತಿಗೆ 42 ಡಿಗ್ರಿ ಮುಟ್ಟುವುದು ಇಲ್ಲಿ ಹೊಸದಲ್ಲ. ಆ ದಿನಗಳಲ್ಲೇ ನಮ್ಮ ಮನೆಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ಮೆಲ್ಲಗೆ ಹೇಳುತ್ತಾರೆ, "ದೊಡ್ಡವ್ವ, ಬಗಲಾಗ ಭಾಳ ಉರಿಲಿಕತ್ತದ." ಕೆಲವರು ಬಾಯಲ್ಲಿ ಬಗಲು ಅಂದರೂ ತೊಂದರೆ ಇರುವುದು ತೊಡೆಸಂದಿಯಲ್ಲಿ. ಅಷ್ಟು ನಾಚಿಕೆ. ನಿಧಾನಕ್ಕೆ ಕೇಳಿದರೆ ಸಂಗತಿ ಹೊರಬರುತ್ತದೆ. ಬಚ್ಚಲ ಬಾಗಿಲು ಹಾಕಿಕೊಂಡು, ಮನೆಯ ಗಂಡಸರ ಹಳೇ ರೇಜರ್ ಎತ್ತಿಕೊಂಡು, ಒಣ ಚರ್ಮದ ಮೇಲೆ ಗಡಿಬಿಡಿಯಲ್ಲಿ ಎಳೆದಿರುತ್ತಾರೆ. ರೊಟ್ಟಿ ಬಡಿಯಲು ಕಲಿಸುತ್ತೇವೆ, ಸೀರೆ ಉಡಲು ಕಲಿಸುತ್ತೇವೆ. ಇದನ್ನು ಮಾತ್ರ ಯಾರೂ ಕೂಡಿಸಿಕೊಂಡು ಹೇಳುವುದಿಲ್ಲ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಆ ಜಾಗದ ಕೂದಲು ಹೊಲಸು ಅಲ್ಲ. ಚರ್ಮಕ್ಕೆ ಚರ್ಮ, ಬಟ್ಟೆಗೆ ಚರ್ಮ ಉಜ್ಜದಂತೆ ಅದು ಕಾಯುತ್ತದೆ. ದಿನಾ ನೀರಿನಿಂದ ತೊಳೆದು ಒರೆಸಿಕೊಂಡರೆ ಶುಚಿಯಾಗಿರಲು ಅಷ್ಟು ಸಾಕು. ತೆಗೆಯಲೇಬೇಕು ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಕೆಲವರಿಗೆ ಬೆವರಿನ ಕಿರಿಕಿರಿ, ಕೆಲವರಿಗೆ ಮುಟ್ಟಿನ ದಿನಗಳಲ್ಲಿ ಅಂಟಂಟು, ಕೆಲವರಿಗೆ ಮನೆತನದ ರೂಢಿ. ನಮ್ಮ ಓಣಿಯ ಮುಸ್ಲಿಂ ಮನೆಗಳಲ್ಲಿ 40 ದಿನ ಮೀರದಂತೆ ತೆಗೆಯಬೇಕೆಂಬ ಧರ್ಮದ ನಿಯಮವೇ ಇದೆ. ಅವರವರ ಇಷ್ಟ, ಅವರವರ ಪದ್ಧತಿ. ಆದರೆ ಗೆಳತಿ ಹೇಳಿದಳು, ಮೊಬೈಲಿನಲ್ಲಿ ನೋಡಿದೆ ಅಂತ ಸುಮ್ನೆ ಶುರು ಮಾಡಬೇಡಿ.

ನನ್ನನ್ನು ಕೇಳಿದರೆ ಬುಡದವರೆಗೆ ಬೋಳಿಸುವುದಕ್ಕಿಂತ ಕತ್ತರಿಸಿ ಗಿಡ್ಡ ಮಾಡಿಕೊಳ್ಳುವುದೇ ಎಲ್ಲಕ್ಕಿಂತ ಒಳ್ಳೆಯದು. ಬ್ಲೇಡು ಚರ್ಮಕ್ಕೆ ತಾಗದಿದ್ದರೆ ಗೀರಿಲ್ಲ, ಉರಿಯಿಲ್ಲ, ಗುಳ್ಳೆಯೂ ಇಲ್ಲ. ತುದಿ ಚೂಪಿಲ್ಲದ ಸಣ್ಣ ಕತ್ತರಿ ಒಂದನ್ನು ಇದಕ್ಕೆಂದೇ ಬೇರೆ ಇಟ್ಟುಕೊಳ್ಳಿ. ಕೂದಲು ಒಣಗಿದ್ದಾಗ ಬಾಚಣಿಗೆಯಿಂದ ಎತ್ತಿ ಹಿಡಿದು, ಬಾಚಣಿಗೆಯ ಮೇಲಿನ ಭಾಗ ಮಾತ್ರ ಕತ್ತರಿಸಿ. ಅರ್ಧ ಸೆಂಟಿಮೀಟರ್ ಉಳಿದರೂ ಬೆವರಿನ ತೊಂದರೆ ಎಷ್ಟೋ ಕಡಿಮೆಯಾಗುತ್ತದೆ. ಟ್ರಿಮ್ಮರ್ ಇದ್ದರೆ ಅದರ ಪ್ಲಾಸ್ಟಿಕ್ ಬಾಚಣಿಗೆ ತೆಗೆಯದೆ ಬಳಸಿ. ಗಂಡುಮಕ್ಕಳಿಗೂ ಇದೇ ಮಾತು. ಅವರ ಅಲ್ಲಿಯ ಚರ್ಮ ಸಡಿಲ, ಮಡಿಕೆ ಜಾಸ್ತಿ. ರೇಜರ್ ಸಿಕ್ಕಿಕೊಂಡರೆ ರಕ್ತ ಬೇಗ ನಿಲ್ಲುವುದಿಲ್ಲ.

ಆದರೂ ನುಣ್ಣಗೆ ಆಗಬೇಕು ಅನ್ನುವವರು ಇರುತ್ತಾರೆ. ಅವರಿಗೆ ರೇಜರ್ ಬಳಸುವ ರೀತಿಯನ್ನು ನಿಧಾನವಾಗಿ ಹೇಳುತ್ತೇನೆ. ತೊಂದರೆ ಆಗುವುದು ಇಲ್ಲೇ.

ಉದ್ದ ಕೂದಲಿಗೆ ನೇರವಾಗಿ ರೇಜರ್ ಹಚ್ಚಬಾರದು. ಮೊದಲು ಕತ್ತರಿಯಿಂದ ಗಿಡ್ಡ ಮಾಡಿಕೊಳ್ಳಬೇಕು. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ. ಐದಾರು ನಿಮಿಷ ನೀರು ಬಿದ್ದರೆ ಕೂದಲು ಮೆತ್ತಗಾಗುತ್ತದೆ, ಬ್ಲೇಡು ಎಳೆಯುವುದಿಲ್ಲ. ನಮ್ಮಲ್ಲಿ ಇನ್ನೊಂದು ತೊಡಕು ಇದೆ, ಬೋರಿನ ಸವಳು ನೀರು. ಅದರಲ್ಲಿ ಸೋಪು ನೊರೆ ಬರುವುದಿಲ್ಲ. ಬಂದರೂ ಬಿಳಿ ಕರೆಯಂತೆ ಚರ್ಮಕ್ಕೆ ಅಂಟಿ ಕೂರುತ್ತದೆ. ಅದರ ಮೇಲೆ ರೇಜರ್ ಎಳೆದರೆ ಕೆಂಪಾಗದೆ ಇರುತ್ತದೆಯೇ? ಆ ಜಾಗದ ಮಟ್ಟಿಗೆ ಒಂದು ಚೊಂಬು ಕುಡಿಯುವ ನೀರು ಬೆಚ್ಚಗೆ ಮಾಡಿಟ್ಟುಕೊಳ್ಳಿ. ಮೈ ಸೋಪಿನ ಬದಲು ವಾಸನೆ ಇಲ್ಲದ ಶೇವಿಂಗ್ ಕ್ರೀಮ್ ಅಥವಾ ಜೆಲ್ ಹಚ್ಚಿ ಎರಡು ನಿಮಿಷ ಬಿಡಿ. ಮೆಂಥಾಲ್ ಹಾಕಿದ, ತಣ್ಣಗೆ ಕೊರೆಯುವ ಕ್ರೀಮುಗಳು ಗಂಡಸರ ಗಲ್ಲಕ್ಕೆ ಸರಿ. ಇಲ್ಲಿಗೆ ಬೇಡವೇ ಬೇಡ.

ಬ್ಲೇಡು ಹೊಸದಿರಲಿ, ನಿಮ್ಮದೇ ಇರಲಿ. ಗಂಡನ ರೇಜರ್ ಆದರೇನು, ಅಕ್ಕನದಾದರೇನು, ಹಂಚಿಕೊಳ್ಳಬೇಡಿ. ಕಣ್ಣಿಗೆ ಕಾಣದ ಗೀರಿನಿಂದಲೂ ರಕ್ತ ಬ್ಲೇಡಿಗೆ ಅಂಟುತ್ತದೆ. ಹೆಪಟೈಟಿಸ್ ಬಿ, ಸಿ ಎರಡೂ ಹಾಗೆ ಹರಡಬಲ್ಲವು. ಐದರಿಂದ ಏಳು ಸಲ ಬಳಸಿದ ಮೇಲೆ ಎಸೆಯಬೇಕು ಎನ್ನುತ್ತಾರೆ ಚರ್ಮದ ಡಾಕ್ಟರುಗಳು. ಎಳೆಯತೊಡಗಿದರೆ ಅದಕ್ಕೂ ಮೊದಲೇ ಎಸೆಯಿರಿ. ಬಳಸಿದ ರೇಜರನ್ನು ಒದ್ದೆ ಬಚ್ಚಲಲ್ಲಿ ಬಿಡದೆ ತೊಳೆದು ಒಣ ಜಾಗದಲ್ಲಿಡಿ.

ಕೂದಲು ಯಾವ ಕಡೆ ಬೆಳೆದಿದೆಯೋ ಅದೇ ಕಡೆಗೆ ಎಳೆಯಬೇಕು. ಎದುರು ಎಳೆದರೆ ನುಣ್ಣಗಾಗುತ್ತದೆ, ನಿಜ. ಆದರೆ ಕೂದಲು ಚರ್ಮದ ಮಟ್ಟಕ್ಕಿಂತ ಒಳಗೆ ತುಂಡಾಗಿ, ಬೆಳೆಯುವಾಗ ಒಳಗೇ ಸುರುಳಿ ಸುತ್ತಿ ಗುಳ್ಳೆಯಾಗುತ್ತದೆ. ಗುಂಗುರು ಕೂದಲಿನವರಿಗೆ ಇದು ಜಾಸ್ತಿ. ಚರ್ಮವನ್ನು ಬೆರಳಿಂದ ಮೆಲ್ಲಗೆ ಹಿಡಿಯಿರಿ, ಬಿಗಿಯಾಗಿ ಜಗ್ಗಬೇಡಿ. ಒತ್ತದೆ ಸಣ್ಣ ಸಣ್ಣ ಎಳೆತ ಸಾಕು. ಪ್ರತಿ ಎಳೆತಕ್ಕೂ ಬ್ಲೇಡು ತೊಳೆಯಿರಿ. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಡಿ. ಬಗಲಲ್ಲಿ ಕೂದಲು ಎರಡು ಮೂರು ದಿಕ್ಕಿಗೆ ಬೆಳೆದಿರುತ್ತದೆ, ಕನ್ನಡಿಯಲ್ಲಿ ನೋಡಿಕೊಂಡು ಮಾಡಿ. ಕೆಳಗೆ ಹೊರಭಾಗಕ್ಕೆ ಮಾತ್ರ ರೇಜರ್. ಒಳಗಿನ ಒದ್ದೆ ಚರ್ಮದ ಹತ್ತಿರ ಯಾವುದನ್ನೂ ಒಯ್ಯಬಾರದು.

ಮುಗಿದ ಮೇಲೆ ತಣ್ಣೀರು ಹಾಕಿ, ಮೆತ್ತನೆಯ ಅರಿವೆಯಿಂದ ಒತ್ತಿ ಒತ್ತಿ ಒರೆಸಿ, ಉಜ್ಜಬೇಡಿ. ನಮ್ಮ ಮನೆಗಳಲ್ಲಿ ತಪ್ಪುವುದು ಈ ಹಂತದಲ್ಲಿ. ಒಬ್ಬರು ಡೆಟಾಲ್ ಹಾಗೇ ಸುರಿಯುತ್ತಾರೆ. ಒಬ್ಬರು ಕ್ಷೌರದಂಗಡಿಯಂತೆ ಸ್ಫಟಿಕ ಉಜ್ಜುತ್ತಾರೆ. ಇನ್ನೊಬ್ಬರು ಅರಿಶಿಣ, ನಿಂಬೆರಸ ಅನ್ನುತ್ತಾರೆ. ಆಗಷ್ಟೇ ಬ್ಲೇಡು ಆಡಿದ ಚರ್ಮ ಹಸಿ ಇರುತ್ತದೆ. ಅದಕ್ಕೆ ಇವೆಲ್ಲ ಸುಡುತ್ತವೆ. ಸೆಂಟು, ಡಿಯೋಡರೆಂಟ್, ಘಮಘಮ ಪೌಡರ್ ಒಂದು ದಿನದ ಮಟ್ಟಿಗೆ ದೂರ ಇಡಿ. ವಾಸನೆ ಇಲ್ಲದ ಮಾಯಿಶ್ಚರೈಸರ್ ತೆಳ್ಳಗೆ ಹಚ್ಚಿದರೆ ಸಾಕು. ಲೋಳೆಸರ ಹಚ್ಚುವವರು ಎಲೆ ಕೊಯ್ದಾಗ ಇಳಿಯುವ ಹಳದಿ ಹಾಲನ್ನು ಪೂರ್ತಿ ಸೋರಲು ಬಿಟ್ಟು, ತೊಳೆದು, ಬಿಳಿ ತಿರುಳು ಮಾತ್ರ ಬಳಸಿ. ಆ ಹಳದಿ ಹಾಲೇ ತುರಿಕೆ ತರುವುದು. ಒಳಗೆ ಸಡಿಲವಾದ ಹತ್ತಿ ಬಟ್ಟೆ ಇರಲಿ.

ಹೊತ್ತೂ ನೋಡಬೇಕು. ರಾತ್ರಿ ಮಲಗುವ ಮುಂಚೆ ಮಾಡಿಕೊಂಡರೆ ಚರ್ಮಕ್ಕೆ ಬೆವರಿಲ್ಲದೆ, ಉಜ್ಜಾಟವಿಲ್ಲದೆ ಏಳೆಂಟು ತಾಸು ಸಿಗುತ್ತದೆ. ಶರಣಬಸವೇಶ್ವರ ಜಾತ್ರೆಗೆ ಹೊರಡುವ ದಿನ ಬೆಳಿಗ್ಗೆ ಬೋಳಿಸಿಕೊಂಡು ಆ ಬಿಸಿಲಲ್ಲಿ, ಆ ಗದ್ದಲದಲ್ಲಿ ಸಂಜೆ ತನಕ ನಡೆದರೆ ಉರಿ ಗ್ಯಾರಂಟಿ. ಮದುವೆ, ಜಾತ್ರೆ ಏನಿದ್ದರೂ ಎರಡು ದಿನ ಮೊದಲೇ ಮುಗಿಸಿಕೊಳ್ಳಿ.

ಬೋಳಿಸಿದರೆ ಕೂದಲು ದಪ್ಪಗೆ ಬರುತ್ತದೆ ಅನ್ನುವ ಹೆದರಿಕೆ ಬೇಡ. ಜೋಳ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಕೂಳೆ ಚುಚ್ಚುವುದಿಲ್ಲವೇ? ದಂಟು ದಪ್ಪಗಾಗಿರುವುದಿಲ್ಲ, ತುದಿ ಮೊಂಡಾಗಿರುತ್ತದೆ ಅಷ್ಟೇ. ಇದೂ ಹಾಗೆಯೇ.

ಕೂದಲು ಕರಗಿಸುವ ಕ್ರೀಮಿನಲ್ಲಿ ಇರುವುದು ಖಾರವಾದ ರಾಸಾಯನಿಕ, ಥಯೋಗ್ಲೈಕೊಲೇಟ್. ಕೂದಲನ್ನು ಕರಗಿಸುವಂಥದ್ದು ಚರ್ಮವನ್ನೂ ಸುಮ್ನೆ ಬಿಡುವುದಿಲ್ಲ. ಎರಡರಲ್ಲೂ ಇರುವುದು ಕೆರಟಿನ್ ಎಂಬ ಒಂದೇ ವಸ್ತು. ಡಬ್ಬಿಯ ಮೇಲೆ ಯಾವ ಜಾಗಕ್ಕೆ ಎಂದು ಬರೆದಿದೆಯೋ ಅಲ್ಲಿಗೆ ಮಾತ್ರ ಹಚ್ಚಿ. ಮೊದಲು ಒಂದು ಬೊಟ್ಟಿನಷ್ಟು ಹಚ್ಚಿ ತೊಳೆದು 24 ತಾಸು ಕಾಯಿರಿ. ಬರೆದ ನಿಮಿಷಕ್ಕಿಂತ ಒಂದು ನಿಮಿಷವೂ ಹೆಚ್ಚು ಬಿಡಬೇಡಿ. ಉರಿ ಶುರುವಾದರೆ ಗಡಿಯಾರ ನೋಡದೆ ತೊಳೆದುಬಿಡಿ. ರೇಜರ್ ಆಡಿಸಿದ ದಿನ ಕ್ರೀಮ್ ಬೇಡ.

ವ್ಯಾಕ್ಸ್ ಬಗಲಿಗೆ ಮಾಡಿಸಿಕೊಳ್ಳುವವರು ಬಹಳ. ಮಾಡಿಸಿ, ಆದರೆ ಕೈ ಪಳಗಿದವರ ಹತ್ತಿರ. ಕಡ್ಡಿಯನ್ನು ಒಮ್ಮೆ ಹಚ್ಚಿ ಮತ್ತೆ ಅದೇ ಡಬ್ಬಿಗೆ ಅದ್ದುವ ಪಾರ್ಲರ್ ಆದರೆ ಎದ್ದು ಬನ್ನಿ. ಮನೆಯಲ್ಲಿ ಸಕ್ಕರೆ, ನಿಂಬೆರಸ ಕಾಸಿ ಒಲೆಯ ಮೇಲಿಂದ ಹಾಗೇ ತೆಗೆದು ಹಚ್ಚಿಕೊಳ್ಳುವ ಸಾಹಸ ಕೆಳಗಿನ ಜಾಗಕ್ಕೆ ಖಂಡಿತ ಬೇಡ. ಬಿಸಿ ಪಾಕ ಅಂಟಿದರೆ ಬಿಡುವುದಿಲ್ಲ, ಸುಟ್ಟೇ ಏಳುತ್ತದೆ. ಮೊಡವೆಗೆ ಐಸೊಟ್ರೆಟಿನಾಯಿನ್ ಗುಳಿಗೆ ನುಂಗುವವರು, ರೆಟಿನಾಯ್ಡ್ ಕ್ರೀಮ್ ಹಚ್ಚುವವರು ಡಾಕ್ಟರನ್ನು ಕೇಳದೆ ವ್ಯಾಕ್ಸ್ ಮಾಡಿಸಬಾರದು. ಅವರ ಚರ್ಮ ಕಿತ್ತು ಬರುತ್ತದೆ. ಸಕ್ಕರೆ ಕಾಯಿಲೆ ಇರುವವರೂ ಕೇಳಿ ಮುಂದುವರಿಯಿರಿ. ಅವರಿಗೆ ಗಾಯ ಬೇಗ ಮಾಯುವುದಿಲ್ಲ.

ಇಷ್ಟಾದರೂ ಗುಳ್ಳೆ ಎದ್ದರೆ ಮೊದಲ ಔಷಧ, ಮತ್ತೆ ಬೋಳಿಸದೆ ಬಿಡುವುದು. ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಶುಚಿ ಬಟ್ಟೆಯನ್ನು ಹತ್ತು ನಿಮಿಷ ಇಡಿ. ದಿನಕ್ಕೆ ಮೂರು ಸಲ ಹಾಗೆ ಮಾಡಿದರೆ ಬಹಳಷ್ಟು ತಾನೇ ಇಳಿಯುತ್ತವೆ. ಸೂಜಿಯಿಂದ ಕೆದಕಿ ಕೂದಲು ತೆಗೆಯುವವರನ್ನು ನೋಡಿದ್ದೇನೆ. ಕಪ್ಪು ಕಲೆ ಉಳಿಯುವುದು ಹಾಗೆ ಮಾಡಿದ್ದಕ್ಕೇ.

ಬಸುರಿ ಹೆಣ್ಣುಮಕ್ಕಳ ವಿಷಯ ನನಗೆ ಜಾಸ್ತಿ ಚಿಂತೆ ತರುತ್ತದೆ. ಒಂಬತ್ತರಲ್ಲಿ ಹೊಟ್ಟೆ ಅಡ್ಡ ಬಂದು ಕೆಳಗೆ ಏನೂ ಕಾಣುವುದಿಲ್ಲ. ಆದರೂ "ದವಾಖಾನ್ಯಾಗ ಏನಂತಾರೋ" ಎಂದು ಅಂದಾಜಿನ ಮೇಲೆ ಬ್ಲೇಡು ಆಡಿಸುತ್ತಾರೆ. ಬೇಕಿಲ್ಲ ತಂಗೀ. ಹೆರಿಗೆಗೆ ಎಲ್ಲರಿಗೂ ಬೋಳಿಸುವ ರೂಢಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಎಂದಿದೆ. ಆಪರೇಷನ್ ಆದರೂ ಬ್ಲೇಡು ಬಳಸಬಾರದು, ತೀರಾ ಬೇಕಾದರೆ ಕ್ಲಿಪ್ಪರಿನಿಂದ ಕತ್ತರಿಸಿ ಎಂದು 2016ರಲ್ಲಿ ಅದು ಹೇಳಿದೆ. ಬ್ಲೇಡಿನ ಸಣ್ಣ ಗೀರುಗಳಲ್ಲಿ ಸೋಂಕು ಹೊಕ್ಕುತ್ತದೆ ಎಂಬುದೇ ಕಾರಣ. ಅತ್ತೆಯಂದಿರು, ತಾಯಂದಿರು ಸೊಸೆಗೆ, ಮಗಳಿಗೆ ಇದನ್ನು ಧೈರ್ಯವಾಗಿ ಹೇಳಿ.

ತೊಡೆಸಂದಿಯಲ್ಲಿ ಉಂಗುರದಂತೆ ಅಂಚು ಕಟ್ಟಿದ ತುರಿಕೆ ಇದ್ದರೆ ಅದು ಗಜಕರ್ಣ ಇರಬಹುದು. ನಮ್ಮ ಬೆವರಿನ ಊರುಗಳಲ್ಲಿ ಅದು ಸಾಮಾನ್ಯ. ಅದರ ಮೇಲೆ ರೇಜರ್ ಆಡಿಸಿದರೆ ಸುತ್ತಲೂ ಹಬ್ಬುತ್ತದೆ. ಔಷಧದಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ನಾಲ್ಕು ದಿನ ತುರಿಕೆ ಅಡಗಿಸಿ, ಆಮೇಲೆ ದುಪ್ಪಟ್ಟು ಮಾಡುತ್ತದೆ. ಗುಳ್ಳೆ ಕುರುವಾಗಿ ಕೀವು ಕಟ್ಟಿದರೆ, ಕೆಂಪು ಹರಡಿದರೆ, ಜ್ವರ ಬಂದರೆ ಕಾಯಬೇಡಿ. ಗದ್ದ, ಎದೆ, ಹೊಕ್ಕುಳ ಕೆಳಗೆ ದಪ್ಪ ಕೂದಲು ಹೊಸದಾಗಿ ಬಂದು ಮುಟ್ಟೂ ತಪ್ಪುತ್ತಿದ್ದರೆ ಅದು ಕೂದಲಿನ ಸಮಸ್ಯೆ ಅಲ್ಲ, ಹಾರ್ಮೋನಿನದು. ಸ್ತ್ರೀರೋಗದ ಡಾಕ್ಟರನ್ನು ಕಾಣಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಎರಡೂ ಸರಕಾರಿ ದೊಡ್ಡಾಸ್ಪತ್ರೆಗಳು, ಚರ್ಮದ ವಿಭಾಗ ಎರಡರಲ್ಲೂ ಇದೆ. ಚೀಟಿ ಮಾಡಿಸುವಾಗ ಹೆಣ್ಣು ಡಾಕ್ಟರ್ ಬೇಕೆಂದು ಕೇಳಿ, ತಪ್ಪೇನಿಲ್ಲ. ಯಾವ ಕ್ರೀಮ್, ಯಾವ ಮುಲಾಮು ಹಚ್ಚಿದ್ದೀರೋ ಆ ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಅದನ್ನು ನೋಡಿದರೆ ಅವರಿಗೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ.